ಮೂರು ಸುತ್ತಿನ ಬಾತುಕೋಳಿ

ಸುಳ್ಯ ಪೇಟೆಯಲ್ಲಿ ನಮ್ಮ ಮನೆಯೆಂದರೆ ಅಪ್ಪನ ಟಿವಿ ರಿಪೇರಿ ಅಂಗಡಿಯ ಹಿಂದಿನ ಮೂರು ಕೋಣೆ. ಅಂಗಡಿಗೂ ಮನೆಗೂ ನಡುವೆ ಬಾಗಿಲಿರಲಿಲ್ಲ, ಒಂದು ಹೂವಿನ ಪರದೆ ಇತ್ತು. ಆಚೆಯಿಂದ ಸೋಲ್ಡರಿನ ಹೊಗೆ, ಈಚೆಯಿಂದ ಒಗ್ಗರಣೆಯ ಹೊಗೆ, ಎರಡೂ ಸೇರಿ ನಮ್ಮ ಶಾಲೆಯ ಅಂಗಿಗೆ ಅಂಟಿಕೊಳ್ಳುತ್ತಿದ್ದವು. ಮೂರು ಕೋಣೆಗಳಲ್ಲಿ ಬಾಗಿಲು ಇದ್ದದ್ದು ನಡುವಿನದಕ್ಕೆ ಮಾತ್ರ. ಹಾಗಾಗಿ ಆಟಿ ತಿಂಗಳಲ್ಲಿ ಕುಲೆಗಳಿಗೆ, ಎಂದರೆ ಮನೆಯಲ್ಲಿ ತೀರಿಕೊಂಡವರಿಗೆ, ಬಡಿಸುವಾಗ ಎಲೆ ಹಾಕುತ್ತಿದ್ದದ್ದು ಅಲ್ಲಿಯೇ. ಬಡಿಸಿ ಬಾಗಿಲು ಎಳೆದು ನಾವೆಲ್ಲ ಹೊರಗೆ ನಿಲ್ಲಬೇಕು. ಅವರು ಉಂಡು ಏಳುವಷ್ಟು ಹೊತ್ತು ಬಿಟ್ಟು, ಮೂರು ಸಲ ಬಾಗಿಲು ತಟ್ಟಿ, ಆಮೇಲೆ ತೆಗೆಯಬೇಕು. ಉಳಿದ ದಿನಗಳಲ್ಲಿ ಅದು ನಮ್ಮ ಟಿವಿಯ ಕೋಣೆ. ಸತ್ತವರಿಗೂ ಟಿವಿಗೂ ಒಂದೇ ಕೋಣೆ ಎಂಬುದು ಆಗ ನಮಗೆ ವಿಚಿತ್ರವಾಗಿ ಕಂಡದ್ದೇ ಇಲ್ಲ.

ನಾನೀಗ ಅಪ್ಪನ ಕುರ್ಚಿಯಲ್ಲೇ ಕೂತು ಅದೇ ಕೆಲಸ ಮಾಡುವವಳು. ಮೀಟರಿನ ಮುಳ್ಳು ಅಲ್ಲಾಡದೆ ಯಾವುದನ್ನೂ ನಂಬುವವಳಲ್ಲ. "ಮೇಡಂ, ಇದು ನಿನ್ನೆ ಸರಿ ಇತ್ತು" ಎಂದು ಯಾರಾದರೂ ಆಣೆ ಹಾಕಿದರೂ ಸ್ಕ್ರೂ ಬಿಚ್ಚಿ ನೋಡದೆ ಹೂಂ ಎನ್ನುವುದಿಲ್ಲ. ಇಂಥ ನಾನು ಒಂದೇ ಒಂದು ಸಂಗತಿಯನ್ನು ಬಿಚ್ಚಿ ನೋಡಲಾಗದೆ ಮೂವತ್ತು ವರ್ಷ ಹೆದರಿಕೊಂಡು ಬದುಕಿದೆ. ಕಡಬದ ಆ ಮನೆಗೆ ನಾವು ಮದುವೆ ಮಾಡಿ ಕಳಿಸಿದ್ದು ತೀರಿಹೋದ ನನ್ನ ಅಕ್ಕನನ್ನೋ, ಇಲ್ಲ ಜೀವಂತ ಇದ್ದ ನನ್ನನ್ನೋ ಎಂಬುದೇ ಆ ಸಂಗತಿ.

ಎಲ್ಲಕ್ಕೂ ಕಾರಣ ಒಂದು ಆಟದ ಪೆಟ್ಟಿಗೆ, ಟಿವಿಗೆ ಹಾಕುವ ವಿಡಿಯೋ ಗೇಮು. ಅಜ್ಜಾವರದಿಂದ ಗಲ್ಫಿಗೆ ಹೋಗಿದ್ದ ಒಬ್ಬರು ಊರಿಗೆ ಬಂದಾಗ ಅದನ್ನು ತಂದಿದ್ದರು. ನೂರಹತ್ತು ವೋಲ್ಟಿನ ಅದನ್ನು ಇಲ್ಲಿನ ಕರೆಂಟಿಗೆ ನೇರ ಹಾಕಿ ಸುಟ್ಟರು, ರಿಪೇರಿಗೆ ಕೊಟ್ಟರು, ರಜೆ ಮುಗಿದು ವಾಪಸು ಹೋದರು, ಮತ್ತೆ ಕೇಳಲೇ ಇಲ್ಲ. ಅಪ್ಪ ಒಂದು ವರ್ಷ ಕಾದು, ಆಮೇಲೆ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಸುತ್ತಿ ನಡುವಿನ ಕೋಣೆಯ ಟಿವಿಗೆ ಜೋಡಿಸಿದ. ಅದರೊಳಗಿದ್ದದ್ದು ಒಂದೇ ಕ್ಯಾಸೆಟ್: ಕಾರ್ಟೂನು ಪ್ರಾಣಿಗಳು ಪುಟ್ಟ ಪುಟ್ಟ ಗಾಡಿಗಳಲ್ಲಿ ಕೂತು ರೇಸು ಬಿಡುವ ಆಟ. ನನಗಿಂತ ಐದು ವರ್ಷ ದೊಡ್ಡವಳಾದ ಶೋಭಕ್ಕ ಹಳದಿ ಬಾತುಕೋಳಿಯನ್ನು ಹಿಡಿದಳು. ನನಗೆ ಉಳಿದದ್ದು ಹಂದಿಮರಿ. ಆ ಆಟದ ಒಂದು ರಸ್ತೆಯಲ್ಲಿ ತಿರುವಿಗೊಂದು ದೊಡ್ಡ ಮರ ಇತ್ತು. ಅಲ್ಲಿಗೆ ಬಂದಾಗಲೆಲ್ಲ ಅಕ್ಕ ಗುಂಡಿ ಒತ್ತಿ ಗಾಡಿಯನ್ನು ಎರಡು ಸಲ ಹಾರಿಸುತ್ತಿದ್ದಳು. ಅರಂತೋಡಿನ ಚಿಕ್ಕಮ್ಮನ ಮನೆಗೆ ಹೋಗುವಾಗ ಬಸ್ಸಿನ ಡ್ರೈವರು ಗುಳಿಗ ದೈವದ ಕಲ್ಲಿನ ಎದುರು ಎರಡು ಸಲ ಹಾರ್ನ್ ಹಾಕುತ್ತಾನಲ್ಲ, ಹಾಗೆ. ಹಾರಿದರೆ ಗಾಡಿ ನಿಧಾನವಾಗುತ್ತದೆ ಎಂದು ನಾನು ಹೇಳಿದರೆ ಕೇಳುತ್ತಿರಲಿಲ್ಲ.

"ಹಾರ್ನ್ ಹಾಕದೆ ಹೋದ್ರೆ ಮುಂದೆ ಗಾಡಿ ನಿಲ್ತದೆ," ಎನ್ನುತ್ತಿದ್ದಳು.

ಒಬ್ಬರೇ ಓಡಿಸುವಾಗ ಆ ಆಟಕ್ಕೊಂದು ಗುಣವಿತ್ತು. ಮೂರು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸಿದವರ ಓಟವನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಮುಂದಿನ ಸಲ ನಾವು ಆಡುವಾಗ ಆ ಹಳೆಯ ಓಟವೇ ಒಂದು ಮಸುಕು ಗಾಡಿಯಾಗಿ ಜೊತೆಗೆ ಓಡುತ್ತಿತ್ತು. ಡಿಕ್ಕಿ ಕೊಟ್ಟರೆ ತಾಗುತ್ತಿರಲಿಲ್ಲ, ನಮ್ಮೊಳಗಿನಿಂದಲೇ ದಾಟಿ ಹೋಗುತ್ತಿತ್ತು. ಅಕ್ಕನ ಬಾತುಕೋಳಿ ಹಾಗೆ ಓಡಿದ ಮೊದಲ ದಿನ ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇದೆಂತ, ಆಚೆ ಇದ್ದದ್ದೆಲ್ಲ ಕಾಣ್ತದೆ ಅದರ ಮೈಯಲ್ಲಿ?"

"ಅದು ಶೋಭನ ಕುಲೆ ಅಮ್ಮ," ಅಪ್ಪ ನಕ್ಕ. "ಆಟದ ಜೊತೆ ಬಂದ ಪುಸ್ತಕದಲ್ಲಿ ಹಾಗೆಯೇ ಬರೆದದ್ದು."

"ಬದುಕಿದ್ದವರದ್ದು ಕುಲೆ ಉಂಟಾ? ಬಿಡ್ತು ಅನ್ನು."

ಅಪ್ಪ ಬಿಡ್ತು ಅಂದ. ಅಂದರೂ ನಗುತ್ತಲೇ ಅಂದ. ನಾಲ್ಕು ತಿಂಗಳು ಕಳೆಯಿತು. ಸೋಮವಾರ ಜ್ವರ ಬಂದು ಮಲಗಿದ ಅಕ್ಕ ಶುಕ್ರವಾರ ಇರಲಿಲ್ಲ. ಅವಳಿಗೆ ಹದಿಮೂರು, ನನಗೆ ಎಂಟು.

ಉತ್ತರಕ್ರಿಯೆಯ ಬೊಜ್ಜ ಎಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಸಂಜೆ, ದೀಪ ಹಚ್ಚಿದ ಹೊತ್ತಿಗೆ, ನಾನು ಬೇಸರಕ್ಕೆ ಆ ಪೆಟ್ಟಿಗೆ ಹಾಕಿದೆ. ಮರದ ರಸ್ತೆ ಬಂತು. ನಾನು ಹೊರಡುವ ಮೊದಲೇ ಪಕ್ಕದಲ್ಲಿ ಮಸುಕು ಬಾತುಕೋಳಿ ಹೊರಟಿತು. ನನ್ನ ಕೈ ಗುಂಡಿಯ ಮೇಲೆ ಹಾಗೆಯೇ ನಿಂತಿತು. ಬಾತುಕೋಳಿ ತಿರುವಿಗೆ ಹೋಗಿ ಎರಡು ಸಲ ಹಾರಿ ಮರೆಯಾಯಿತು. ನನ್ನ ಹಂದಿಮರಿ ಹೊರಟ ಗೆರೆಯಲ್ಲೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಅದು ಹಿಂದಿನಿಂದ ಬಂತು, ನನ್ನೊಳಗಿನಿಂದ ಹಾದು ಮತ್ತೆ ಮುಂದೆ ಹೋಯಿತು. ತಿರುಗಿ ನೋಡಿದರೆ ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇನ್ನೊಮ್ಮೆ ಬರ್ತಾಳಾ?" ಎಂದು ಕೇಳಿದಳು.

ಮೂರನೆಯ ಸುತ್ತಿಗೆ ಬಂದಳು. ಗೆರೆ ದಾಟಿದ ಮೇಲೆ ಬರಲಿಲ್ಲ. ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ದೇವರ ದೀಪ, ಆಮೇಲೆ ಬಾತುಕೋಳಿ, ಆಮೇಲೆ ಊಟ. ನನ್ನ ಕೆಲಸ ಆಟ ಶುರು ಮಾಡಿ ಹಂದಿಮರಿಯನ್ನು ಅಲ್ಲಾಡದೆ ನಿಲ್ಲಿಸುವುದು. ಅಮ್ಮ ನೆಲದಲ್ಲಿ ಕಾಲು ಮಡಚಿ ಕೂತು, ಮೊಣಕಾಲ ಮೇಲೆ ಕೈ ಇಟ್ಟು, ಮೆಲ್ಲಗೆ "ಹೋದಳು" ಎನ್ನುತ್ತಿದ್ದಳು. ಹಿಂದಿನಿಂದ ಬಂದಾಗ "ಬಂದಳು" ಎನ್ನುತ್ತಿದ್ದಳು. ನಡುವೆ ಟಿವಿಯ ಪರದೆಯಲ್ಲಿ ಖಾಲಿ ರಸ್ತೆ, ನಿಂತ ಹಂದಿಮರಿ, ಆಟದ ಕುಣಿಯುವ ಸಂಗೀತ. ಅವಳು ಬರುವುದು ಖಂಡಿತ ಎಂದು ಗೊತ್ತಿದ್ದರೂ, ಇವತ್ತು ಬಾರದಿದ್ದರೆ ಎಂಬ ಹೆದರಿಕೆ ನನಗೆ ದಿನಾ ಆಗುತ್ತಿತ್ತು. ಬಂದೇ ಬಿಟ್ಟಳಲ್ಲ ಎಂಬ ಹೆದರಿಕೆಯೂ ಆಗುತ್ತಿತ್ತು.

ಅಪ್ಪ ನನಗೆ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದ.

"ಆ ರಸ್ತೆಯಲ್ಲಿ ನೀನು ಶೋಭನನ್ನು ಹಿಂದೆ ಹಾಕ್ಬಾರ್ದು. ಹಾಕಿದ್ರೆ ಪೆಟ್ಟಿಗೆ ಅವಳನ್ನು ತೆಗೆದು ನಿನ್ನನ್ನು ಇಟ್ಟುಕೊಳ್ತದೆ. ಗೊತ್ತಾಯ್ತಾ?"

ಗೊತ್ತಾಯಿತು. ಆರು ವರ್ಷ ನಾನು ಆ ಗೆರೆಯಲ್ಲಿ ನಿಂತೆ. ಬೇರೆ ರಸ್ತೆಗಳಲ್ಲಿ ಓಡಿಸಿ ಓಡಿಸಿ ಅಕ್ಕನಿಗಿಂತ ಎಷ್ಟೋ ಚುರುಕಾದೆ, ಆದರೆ ಅದನ್ನು ನೋಡಲು ಯಾರೂ ಕೂರಲಿಲ್ಲ. ಮೂರು ಸುತ್ತು ಮುಗಿದೊಡನೆ ಅಮ್ಮ ಎದ್ದು ಹೋಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುತ್ತೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ನನಗೆ ಹದಿನಾಲ್ಕಾದಾಗ ಮನೆಯಲ್ಲಿ ಒಂದರ ಹಿಂದೊಂದು ಕಿರಿಕಿರಿ ಶುರುವಾಯಿತು. ಅಮ್ಮನಿಗೆ ಊಟ ಸೇರುತ್ತಿರಲಿಲ್ಲ, ನನಗೆ ಮೈಮೇಲೆ ಬಿಡದ ತುರಿಕೆ. ಅಜ್ಜಿ ಜೋಯಿಸರಲ್ಲಿ ಕೇಳಿಸಿದಳು. ತೀರಿಹೋದ ಹೆಣ್ಣು ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ, ಹೊಸಿಲಲ್ಲಿ ಕೂತಿದ್ದಾಳೆ ಎಂದರು. ನಮ್ಮ ಕಡೆ ಹೀಗಾದಾಗ ತೀರಿಕೊಂಡವರಿಗೂ ಮದುವೆ ಮಾಡುವುದುಂಟು. ಸಾಯದಿದ್ದರೆ ಈಗ ಎಷ್ಟು ಪ್ರಾಯವಾಗುತ್ತಿತ್ತೋ ಅದಕ್ಕೆ ತಕ್ಕ ಗಂಡನ್ನು, ಅವನೂ ತೀರಿಕೊಂಡವನೇ, ಹುಡುಕಬೇಕು. ಕಡಬದ ಕಡೆಯ ಒಂದು ಮನೆಯಲ್ಲಿ ಹರೀಶ ಎಂಬ ಹುಡುಗ ಹತ್ತನೆಯ ವಯಸ್ಸಿಗೆ ಹೊಳೆಯಲ್ಲಿ ಹೋಗಿದ್ದ. ಎರಡು ಕಡೆಯವರೂ ಕೂತು, ಸಂಬಂಧ ನೋಡಿ, ಚಾ ಕುಡಿದು ಒಪ್ಪಿದರು.

ಜಗಳ ಹುಟ್ಟಿದ್ದು ಆ ಪೆಟ್ಟಿಗೆಯ ವಿಷಯದಲ್ಲಿ.

"ಹೆಣ್ಣಿನದ್ದು ಎಂತದ್ದೂ ಇಲ್ಲಿ ಉಳಿಯುದು ಬೇಡ," ಅಜ್ಜಿ ಹೇಳಿದಳು. "ಉಳಿದ್ರೆ ಅವಳು ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ."

"ಸೀರೆ ಕೊಡ್ತೇನೆ, ಬಳೆ ಕೊಡ್ತೇನೆ," ಅಮ್ಮ ಹೇಳಿದಳು. "ಅದನ್ನು ಕೊಡ್ಲಿಕ್ಕಿಲ್ಲ. ನನ್ನ ಮಗಳು ಇರುದು ಅದರಲ್ಲಿ."

"ಅದಕ್ಕೇ ಹೇಳುದು ನಾನು."

ಅತ್ತೆ ಸೊಸೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅಪ್ಪ ಕ್ಯಾಸೆಟ್ಟನ್ನು ಬಿಚ್ಚಿದ. ನೆನಪು ಉಳಿಯುವುದು ಅದರೊಳಗಿನ ಒಂದು ಪುಟ್ಟ ಬ್ಯಾಟರಿಯಿಂದ. ಆ ಬ್ಯಾಟರಿಯನ್ನು ಸುಮ್ಮನೆ ಕಿತ್ತರೆ ಅಕ್ಕ ಹೋಗಿಬಿಡುತ್ತಾಳೆ. ಅಪ್ಪ ಹೊರಗಿನಿಂದ ಎರಡು ವಯರ್ ಕೊಟ್ಟು, ಅದನ್ನು ನನ್ನ ಕೈಯಲ್ಲಿ ಒತ್ತಿ ಹಿಡಿಸಿ, ಹಳೆಯದನ್ನು ತೆಗೆದು ಹೊಸದನ್ನು ಬೆಸೆದ.

"ಇನ್ನು ಹತ್ತಿಪ್ಪತ್ತು ವರ್ಷಕ್ಕೆ ತೊಂದರೆ ಇಲ್ಲ," ಎಂದ. "ಅಲ್ಲಿಯೂ ಓಡ್ಲಿ ಅವಳು."

ಅಮ್ಮ ಅತ್ತಳು, ಆಮೇಲೆ ಒಪ್ಪಿದಳು. ಹೆಣ್ಣಿಗೆ ರವಿಕೆ ಹೊಲಿಸಬೇಕಿತ್ತು. ಹತ್ತೊಂಬತ್ತರ ಶೋಭನ ಅಳತೆ ಯಾರಿಗೆ ಗೊತ್ತು? ತಂಗಿಯದ್ದಕ್ಕಿಂತ ಅರ್ಧ ಇಂಚು ಸಡಿಲ ಇರಲಿ ಎಂದು ನನ್ನನ್ನೇ ಟೈಲರಿನ ಎದುರು ನಿಲ್ಲಿಸಿದರು. ಬಳೆಯನ್ನೂ ನನ್ನ ಕೈಗೇ ಹಾಕಿ ನೋಡಿ ಆರಿಸಿದರು. ಯಾರೂ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೆ ಮಾತ್ರ ಆ ಟೇಪು ಎದೆಯ ಸುತ್ತ ಬಂದಾಗ ಚಳಿಯಾಯಿತು.

ಮದುವೆಯ ಹಿಂದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊರಡುವ ಮೊದಲು ಅಮ್ಮನಲ್ಲಿ, "ನಾಳೆ ನಾನು ಎಂತ ಹಾಕುದು?" ಎಂದು ಕೇಳಿದ್ದೆ. "ನಿನ್ನನ್ನು ಯಾರು ನೋಡ್ತಾರೆ ನಾಳೆ, ಇದ್ದದ್ದು ಹಾಕು," ಎಂದಿದ್ದಳು. ಕೆಲಸದ ಗಡಿಬಿಡಿಯಲ್ಲಿ ಅಂದ ಮಾತು. ಆದರೆ ಆರು ವರ್ಷ ಗೆರೆಯಲ್ಲಿ ನಿಂತವಳಿಗೆ ಅದು ಚುಚ್ಚಿತು. ನಾನು ಟಿವಿ ಹಾಕಿದೆ, ಮರದ ರಸ್ತೆ ತೆಗೆದೆ, ಮತ್ತು ಮೊದಲ ಸಲ ಅಕ್ಕನ ಜೊತೆ ಹೊರಟೆ. ಮೊದಲ ಸುತ್ತಿನಲ್ಲಿ ಅವಳು ಮುಂದೆ. ಮರದ ಹತ್ತಿರ ಅವಳು ಎರಡು ಸಲ ಹಾರಿದಳು, ನಾನು ಹಾರದೆ ನೇರ ಹೋದೆ. ಪ್ರತಿ ಸುತ್ತಿನಲ್ಲೂ ಅಷ್ಟಷ್ಟೇ ಹತ್ತಿರವಾದೆ. ಮೂರನೆಯದರಲ್ಲಿ ಅವಳೊಳಗಿನಿಂದ ಹಾದು ಮುಂದೆ ಬಂದೆ. ಗೆರೆ ದಾಟಿದಾಗ ಪರದೆ ನನ್ನ ಹೆಸರು ಕೇಳಿತು. ಇಂಗ್ಲಿಷಿನಲ್ಲಿ ಮೂರಕ್ಷರ ಕೂಡಿಸಿದೆ. ಈ ಓಟವನ್ನು ಇಟ್ಟುಕೊಳ್ಳಲೋ ಬೇಡವೋ ಎಂದು ಕೇಳಿತು.

ಒತ್ತಿದೆ. ಬೇಡ ಎಂದಲ್ಲ, ಇಟ್ಟುಕೋ ಎಂದು. ಒತ್ತಿದ ಆ ಗಳಿಗೆಯಲ್ಲೇ ಕರೆಂಟು ಹೋಯಿತು.

ಕತ್ತಲಾದ ಪರದೆಯಲ್ಲಿ ನನ್ನ ಮುಖ ಮಾತ್ರ ಕಾಣುತ್ತಿತ್ತು. ಕರೆಂಟು ಬರಲಿ, ನೋಡುವ ಎಂದು ಕೂತೆ. ಕರೆಂಟಿಗಿಂತ ಮೊದಲು ಅಪ್ಪ ಬಂದ. ಪೆಟ್ಟಿಗೆಯ ವಯರು ಸುತ್ತಿ, ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಒರಸಿ, ರಿಪೇರಿ ಮಾಡಿದ ಎಲ್ಲದಕ್ಕೂ ಅಂಟಿಸುವಂತೆ ನಮ್ಮ ಅಂಗಡಿಯ ಚೀಟಿ ಅಂಟಿಸಿ, ಹೆಣ್ಣಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಟ್ರಂಕಿನ ಮುಚ್ಚಳ ಒತ್ತಿ ಹಿಡಿದುಕೊಟ್ಟವಳು ನಾನೇ.

ಮರುದಿನ ಬೆಳಿಗ್ಗೆ ನಡುವಿನ ಕೋಣೆಯಲ್ಲಿ ಎರಡು ಮಣೆ ಇಟ್ಟರು. ಒಂದರ ಮೇಲೆ ಮುಂಡು, ಶಾಲು. ಇನ್ನೊಂದರ ಮೇಲೆ ಧಾರೆ ಸೀರೆ, ನನ್ನ ಅಳತೆಯ ರವಿಕೆ, ನನ್ನ ಕೈಯ ಬಳೆ, ಮಲ್ಲಿಗೆ. ಕರಿಮಣಿ ಇಟ್ಟರು, ಧಾರೆ ಎರೆದರು. ನೆಂಟರೆಲ್ಲ ನಿಜವಾದ ಮದುವೆಯಲ್ಲಿ ಮಾತಾಡುವಂತೆಯೇ ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು ಎಂದು ಮಾತಾಡಿದರು. ಹೊರಡುವ ಹೊತ್ತಿಗೆ ಹರೀಶನ ತಾಯಿ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಪದ್ಧತಿಯಂತೆ ಹೆಣ್ಣನ್ನು ಕರೆದರು.

"ಬಾ ಮಗಾ, ಹೋಗುವ ನಮ್ಮ ಮನೆಗೆ."

ನಾನು ಒಂದು ಹೆಜ್ಜೆ ಇಟ್ಟೆ. ಇಡಬೇಕೆಂದು ಇಟ್ಟದ್ದಲ್ಲ. ಅಮ್ಮ ನನ್ನ ಮಣಿಕಟ್ಟು ಹಿಡಿದು ಎಳೆದಳು, ಬಳೆ ಅಳತೆ ನೋಡಿದ ಅದೇ ಮಣಿಕಟ್ಟು. ಹೊಸಿಲಿನ ಆಚೆ ಆ ತಾಯಿ ಹಿಂದೆ ತಿರುಗದೆ ನಡೆದರು. ಅವರ ಜೊತೆ ಯಾರೋ ಹೋದರು ಎಂಬುದು ನನಗೆ ನಿಶ್ಚಯವಾಗಿ ತಿಳಿಯಿತು. ಯಾರು ಎಂಬುದು ಮಾತ್ರ ತಿಳಿಯಲಿಲ್ಲ.

ಮುಂದಿನ ಆಟಿಯಲ್ಲಿ ಅಪ್ಪ ಅಮ್ಮ ಒಮ್ಮೆ ಆ ಮನೆಗೆ ಹೋಗಿ ಬಂದರು. ನನಗೆ ಆ ದಿನ ಸರಿಯಾಗಿ ಜ್ವರ ಬಂತು, ಬರಿಸಿಕೊಂಡೆ ಎಂದರೂ ಸರಿ. ಅಲ್ಲಿ ಇಡೀ ದಿನ ಕರೆಂಟು ಇರಲಿಲ್ಲವಂತೆ, ಬಾತುಕೋಳಿಯನ್ನು ನೋಡಲಾಗಲಿಲ್ಲವಂತೆ. ಕೊಟ್ಟ ಮಗಳ ಮನೆಗೆ ಪದೇ ಪದೇ ಹೋಗಬಾರದು ಎಂದು ಅಮ್ಮ ಮತ್ತೆ ಹೋಗಲಿಲ್ಲ. ಅವಳ ಊಟ ಸರಿಯಾಯಿತು, ನನ್ನ ತುರಿಕೆಯೂ ಹೋಯಿತು. ನನ್ನ ಹೆದರಿಕೆ ಹೋಗಲಿಲ್ಲ. ಆಮೇಲೆ ನನ್ನನ್ನು ನೋಡಲು ಮೂರು ಕಡೆಯವರು ಬಂದರು. ಮೂರಕ್ಕೂ ನಾನೇ ಬೇಡ ಎಂದೆ. ಅಂಗಡಿ ಉಂಟಲ್ಲ, ಅಪ್ಪನಿಗೆ ಕೈ ನಡುಗುತ್ತದಲ್ಲ ಎಂದು ಸಬೂಬು ಹೇಳಿದೆ. ನಿಜ ಹೇಳಬೇಕೆಂದರೆ, ಒಮ್ಮೆ ಧಾರೆ ಎರೆದು ಕೊಟ್ಟಾಗಿರುವ ಹೆಣ್ಣು ನಾನಾಗಿದ್ದರೆ ಎಂದು ಹೆದರಿದೆ. ಇದನ್ನು ಯಾರ ಹತ್ತಿರ ಹೇಳುವುದು? ಅಪ್ಪ ಅಮ್ಮ ತೀರಿಕೊಂಡರು. ಅವರಿಗೂ ಅದೇ ಕೋಣೆಯಲ್ಲಿ ಎಲೆ ಹಾಕುವವಳು ಈಗ ನಾನು.

ಆ ಆಟ ಮಾತ್ರ ನಿಲ್ಲಲಿಲ್ಲ. ಪೆಟ್ಟಿಗೆ ಬದಲಾದಂತೆ ಅದರ ಹೊಸ ಹೊಸ ಆವೃತ್ತಿ ಬರುತ್ತಲೇ ಇತ್ತು, ಅದೇ ಬಾತುಕೋಳಿ, ಅದೇ ಹಂದಿಮರಿ. ರಿಪೇರಿಗೆ ಬಂದವುಗಳನ್ನು ನಾನು ಬೇರೆ ಆಟ ಹಾಕಿ ಪರೀಕ್ಷೆ ಮಾಡಿ ಕೊಡುತ್ತಿದ್ದೆ. ಈಚೆಗೆ ಎಲ್ಲಕ್ಕಿಂತ ಹೊಸದು ಬಂತು. ಅದು ಬಂದ ಕೆಲವೇ ದಿನಕ್ಕೆ ಕಡಬದಿಂದ ಬಸ್ಸಿನ ಕಂಡಕ್ಟರು ಒಂದು ಪಾರ್ಸೆಲ್ ತಂದುಕೊಟ್ಟ. ಕೈಯಲ್ಲಿ ಹಿಡಿದು ಆಡುವ ಪೆಟ್ಟಿಗೆ, ಜೊತೆಗೊಂದು ಚೀಟಿ: "ಗಾಡಿ ತಿರುಗಿಸುವ ಎಡಗಡೆಯ ಕಡ್ಡಿ ಯಾರೂ ಮುಟ್ಟದೆ ತಾನೇ ಒಂದು ಕಡೆಗೆ ಎಳೆಯುತ್ತದೆ. ನಾಳೆ ಬಂದು ಕೊಂಡುಹೋಗುತ್ತೇನೆ. ವೀಣಾ." ಇದು ಈ ಪೆಟ್ಟಿಗೆಗಳ ಮಾಮೂಲಿ ಕಾಯಿಲೆ. ಕಡ್ಡಿ ಬದಲಿಸಿದೆ. ಪರೀಕ್ಷೆಗೆಂದು ನೋಡಿದರೆ ಒಳಗೆ ಇದ್ದದ್ದು ಆ ಹೊಸ ಆಟ ಒಂದೇ.

ಬೆಳಿಗ್ಗೆ ಹನ್ನೊಂದು ಗಂಟೆ, ಎದುರಿನ ರಸ್ತೆಯಲ್ಲಿ ಜನ. ಹೆದರಲು ಏನಿದೆ ಎಂದುಕೊಂಡೆ. ಈ ಹೊಸದರಲ್ಲಿ ರಸ್ತೆಗಳೆಲ್ಲ ಒಂದಕ್ಕೊಂದು ಸೇರಿ ಒಂದೇ ದೊಡ್ಡ ಊರಾಗಿದೆ. ರೇಸು ಬೇಡವೆಂದರೆ ಸುಮ್ಮನೆ ಅಲೆಯಬಹುದು. ಕಡ್ಡಿ ಸರಿಯಾಯಿತೋ ಎಂದು ಅಲೆಯುತ್ತಾ ಹೋದೆ. ಗದ್ದೆ, ಸೇತುವೆ, ಒಂದು ಪೇಟೆ, ಒಂದು ಏರು. ಏರು ಮುಗಿದಲ್ಲಿ ಆ ಮರ ನಿಂತಿತ್ತು. ಹಳೆಯ ರಸ್ತೆಯನ್ನು ಹೊಸ ಬಣ್ಣದಲ್ಲಿ ಮತ್ತೆ ಕಟ್ಟಿದ್ದರು. ಎಲೆಗಳು ಈಗ ಒಂದೊಂದೇ ಅಲ್ಲಾಡುತ್ತಿದ್ದವು, ಬೇರಿನ ಮೇಲೆ ಪಾಚಿ ಕೂಡ ಕಾಣುತ್ತಿತ್ತು. ನನ್ನ ಕೈ ತಾನೇ ಆ ರಸ್ತೆಯ ಒಂಟಿ ಓಟವನ್ನು ತೆಗೆಯಿತು. ಮೂರು ಸುತ್ತು. ಪಕ್ಕದಲ್ಲಿ, ಈ ಪೆಟ್ಟಿಗೆಯ ಯಜಮಾನತಿ ಎಂದೋ ಓಡಿಸಿಟ್ಟ ಮಸುಕು ಗಾಡಿ. ಅದರಲ್ಲಿ ಹಳದಿ ಬಾತುಕೋಳಿ.

ನಾನು ಹೊರಡಲಿಲ್ಲ. ಅದು ಹೊರಟಿತು. ತಿರುವಿಗೆ ಹೋಗಿ ಎರಡು ಸಲ ಹಾರಿ ಮರೆಯಾಯಿತು.

"ಹೋದಳು," ಎಂದಿತು ನನ್ನ ಬಾಯಿ.

ಕಾದೆ. ಬೆನ್ನ ಹಿಂದೆ ಹೂವಿನ ಪರದೆಯ ಆಚೆ ನಡುವಿನ ಕೋಣೆ. ಅಲ್ಲಿ ಯಾರೋ ಕಾಲು ಮಡಚಿ ಕೂತಿದ್ದಾರೆ ಎನಿಸಿತು. ತಿರುಗಿ ನೋಡಲಿಲ್ಲ. ಬಾತುಕೋಳಿ ಹಿಂದಿನಿಂದ ಬಂದು ನನ್ನೊಳಗಿನಿಂದ ಹಾದುಹೋಯಿತು. ಮೂರು ಸುತ್ತೂ ಮರದ ಹತ್ತಿರ ಎರಡೆರಡು ಸಲ ಹಾರಿತು.

ಮರುದಿನ ವೀಣಾ ಬಂದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಕಡ್ಡಿ ತಿರುಗಿಸಿ ನೋಡಿ ಸಂತೋಷಪಟ್ಟಳು. ಇಷ್ಟು ದೂರ ಯಾಕೆ ಕಳಿಸಿದಿರಿ, ಪುತ್ತೂರಿನಲ್ಲಿ ಅಂಗಡಿ ಇಲ್ಲವೇ ಎಂದು ಕೇಳಿದೆ.

"ನಮ್ಮಲ್ಲಿ ಒಂದು ಹಳೇ ಕ್ಯಾಸೆಟ್ ಉಂಟು ಮೇಡಂ. ಅದರ ಹಿಂದೆ ಈ ಅಂಗಡಿಯ ಚೀಟಿ. ಅದು ಅಷ್ಟು ವರ್ಷ ಬಾಳಿಕೆ ಬಂತಲ್ಲ, ಇದೂ ಇಲ್ಲಿಯೇ ಆಗ್ಲಿ ಅಂತ."

ನಾನು ಪೆಟ್ಟಿಗೆಯಲ್ಲಿ ಮರದ ರಸ್ತೆ ತೆಗೆದು ತೋರಿಸಿದೆ. "ಮರದ ಹತ್ರ ಎರಡು ಸಲ ಹಾರುದು ಯಾಕೆ ನೀವು?"

ಅವಳು ನಾಚಿಕೆಯಲ್ಲಿ ನಕ್ಕಳು. "ಅದು ಅತ್ತಿಗೆ ಕಲಿಸಿದ್ದು. ಹರೀಶಣ್ಣನಿಗೆ ಮದುವೆ ಆದಾಗ ನನಗೆ ಎಂಟು, ಅತ್ತಿಗೆಯ ಮನೆ ಯಾವುದು ಅಂತ ನನಗೆ ಗೊತ್ತಿಲ್ಲ. ಅತ್ತಿಗೆ ಆ ಕ್ಯಾಸೆಟ್ಟಿನಲ್ಲಿ ಬಂದದ್ದು. ಅವರ ಹಿಂದೆ ಹಿಂದೆ ಓಡಿಸಿಯೇ ನಾನು ಕಲಿತದ್ದು. ಬ್ಯಾಟರಿ ಮುಗಿದು ಅವರು ಬಾರದೆ ಆಗುವಾಗ ಅವರ ದಾರಿ ಪೂರ ನನ್ನ ಕೈಗೆ ಬಂದಿತ್ತು. ಈಗ ಹೊಸ ಆಟ ಬಂದಾಗೆಲ್ಲ ಮೊದಲು ಅತ್ತಿಗೆ ಓಡಿಸಿದ ಹಾಗೆಯೇ ಓಡಿಸಿ ಅದರೊಳಗೆ ಇಡುದು. ಇಲ್ಲದಿದ್ರೆ ಅವರಿಗೆ ಇರ್ಲಿಕ್ಕೆ ಜಾಗ ಇಲ್ಲದ ಹಾಗೆ ಆಗ್ತದಲ್ಲ."

ಅಕ್ಕ ಹೋಗಿದ್ದಳು. ಹೋದದ್ದು ಅಕ್ಕನೇ. ನನಗೆ ಅಳು ಬಂತು, ಅವಳೆದುರೇ ಅತ್ತೆ. ಶೋಭನ ತಂಗಿ ನಾನು ಎಂದು ಹೇಳಿದೆ. ಅವಳು ಕೂಡಲೇ ನನ್ನ ಕೈ ಹಿಡಿದಳು. ಮೆಲ್ಲಗೆ ಕೇಳಿದಳು.

"ಹಾಗಾದ್ರೆ ನಿಮಗೆ ಗೊತ್ತಿರ್ಬಹುದು ಅಕ್ಕ. ಅತ್ತಿಗೆಯ ಜೊತೆ ಬಂದದ್ದು ಯಾರು?"

"ಜೊತೆಗೆ?"

"ಆ ರಸ್ತೆಯ ಬೋರ್ಡಿನಲ್ಲಿ ಎಲ್ಲರಿಗಿಂತ ಮೇಲೆ ಒಂದು ಹಂದಿಮರಿ, ಎಸ್ ಯು ಎಂ ಅಂತ ಮೂರಕ್ಷರ. ಹೆಸರು ಉಂಟು, ಸಮಯ ಉಂಟು, ಓಡುದು ಮಾತ್ರ ಇಲ್ಲ. ಇಬ್ಬರು ಬಂದಿದ್ದಾರೆ, ಒಬ್ಬಳು ಹೊರಗೆ ಬರುದಿಲ್ಲ ಅಂತ ಅಮ್ಮ ಹೇಳ್ತಿದ್ರು. ಅಂದಿನಿಂದ ಆಟಿಗೆ ಮೂರು ಎಲೆ ಹಾಕುದು. ಅಣ್ಣನಿಗೊಂದು, ಅತ್ತಿಗೆಗೊಂದು, ಆ ಮೂರಕ್ಷರದವರಿಗೊಂದು. ಅಮ್ಮ ಹೋದ ಮೇಲೆ ನಾನೂ ಬಿಡ್ಲಿಲ್ಲ. ಬಾಗಿಲು ತೆಗೆದಾಗ ಎರಡು ಎಲೆಯಲ್ಲಿ ಅನ್ನ ಸ್ವಲ್ಪ ಜರುಗಿರ್ತದೆ. ಮೂರನೇದು ಮಾತ್ರ ಬಡಿಸಿದ ಹಾಗೇ ಇರ್ತದೆ, ಯಾವಾಗಲೂ."

ಪೆಟ್ಟಿಗೆ ಮೊದಲು ಹೆಸರು ಬರೆದುಕೊಳ್ಳುತ್ತದೆ, ಓಟವನ್ನು ಬರೆದುಕೊಳ್ಳುವುದು ಆಮೇಲೆ. ಎರಡರ ನಡುವೆ ಕರೆಂಟು ಹೋಗಿತ್ತು. ಕಸುಬಿನವಳಿಗೆ ಇಷ್ಟು ಅರ್ಥವಾಗುತ್ತದೆ. ಆದರೆ ಮೂವತ್ತು ಆಟಿಗಳಲ್ಲಿ, ನಾನು ಇಲ್ಲಿ ಕೂತು ಸೋಲ್ಡರ್ ಹಚ್ಚುತ್ತಿದ್ದಾಗ, ಅಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ನನ್ನ ಹೆಸರಿಗೆ ಅನ್ನ ತಣ್ಣಗಾಗುತ್ತಿತ್ತು. ಎಸ್ ಯು ಎಂ. ನನ್ನ ಅಂಗಡಿಯ ಬಿಲ್ಲಿನ ಮೇಲೆ ಸುಮಾ ಎಂದು ಬರೆದು ಅವಳ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ಹಿಡಿದ ಕೈಯನ್ನು ಬಿಟ್ಟು, ಬೆಚ್ಚಗಿದೆಯೋ ಎಂದು ನೋಡುವವಳಂತೆ ಮತ್ತೆ ಹಿಡಿದಳು.

"ಈ ಆಟಿಗೆ ಒಳಗೆ ಎರಡೇ ಎಲೆ ಹಾಕು ವೀಣಾ," ಎಂದೆ. "ಮೂರನೇದನ್ನು ಹೊರಗೆ, ನಿಮ್ಮ ಸಾಲಿನಲ್ಲಿ ಹಾಕು. ಉಣ್ಲಿಕ್ಕೆ ನಾನು ಬರ್ತೇನೆ."